ಆರನೆಯ ಹಲ್ಲು

"ಸ್ವಲ್ಪ ಎತ್ತಿ... ಎಡಕ್ಕೆ, ಎಡಕ್ಕೆ ಅಂದ್ನಲ್ಲ! ಅಯ್ಯೋ, ನಿಲ್ಸಿ, ನಿಲ್ಸಿ!"

ಪೆಟ್ಟಿಗೆ ಟ್ರ್ಯಾಕ್ಟರಿನ ಚಕ್ರಕ್ಕೆ ತಾಗಿ ನಿಂತಿತು. ಹೊತ್ತಿದ್ದ ನಾಲ್ವರೂ ಹಿಂದಕ್ಕೆ ಸರಿದು ಅದನ್ನು ಮತ್ತೆ ಬೆಂಚಿನ ಮೇಲೆ ಇಳಿಸಿದರು. ಅಂಗಳದಿಂದ ಬೀದಿಗೆ ಇರುವುದು ಒಂದೇ ದಾರಿ, ಆ ದಾರಿಗೆ ಅಡ್ಡವಾಗಿ ಮೊನ್ನೆಯಿಂದ ಟ್ರ್ಯಾಕ್ಟರ್ ನಿಂತಿದೆ. ಅದರ ಲೋಡರ್ ಬಕೆಟ್ಟಿನಲ್ಲಿ ಒಂದು ಮರದ ದಿಮ್ಮಿ, ದಿಮ್ಮಿಯನ್ನು ಮೇಲಿನಿಂದ ಕಚ್ಚಿ ಹಿಡಿದ ಕಬ್ಬಿಣದ ಪಂಜ. ಪಂಜಕ್ಕೆ ಆರು ಹಲ್ಲಿರಬೇಕಿತ್ತು, ಈಗ ಐದಿವೆ. ಆರನೆಯದು ಮುರಿದು ಹಾರಿ ಎದೆಗೆ ಬಡಿದದ್ದರಿಂದಲೇ ಗೇಟಣ್ಣ ಇಂದು ಪೆಟ್ಟಿಗೆಯಲ್ಲಿ ಮಲಗಿದ್ದ.

ಊರಿಗೆಲ್ಲ ಗೇಟು ಮಾಡಿಕೊಟ್ಟ ವೆಲ್ಡರ್, ಹಾಗಾಗಿ ಗೇಟಣ್ಣ. ಅಂಥವನಿಗೆ ತನ್ನ ಮನೆಯ ಗೇಟು ದಾಟಲು ಆಗಲಿಲ್ಲವಲ್ಲ ಎಂದು ಯಾರೋ ಅಂದರು. ಒಬ್ಬಿಬ್ಬರಿಗೆ ನಗು ಬಂತು, ಕೆಮ್ಮಿ ನುಂಗಿಕೊಂಡರು.

"ಗಾಡಿ ತೆಗೀಬೇಕು ಅಂದ್ರೆ ಇವನ ತಮ್ಮನೇ ಬರಬೇಕು," ಎಂದರು ಪಕ್ಕದ ಲೇತ್ ಅಂಗಡಿಯ ಯಜಮಾನರು. "ಅದರ ಸ್ಟಾರ್ಟರಿನ ಮರ್ಜಿ ಅವನೊಬ್ಬನಿಗೇ ಗೊತ್ತು."

"ಅವನು ಬರೋದು ಬೇಡ!" ಗೇಟಣ್ಣನ ಅಕ್ಕ ಎದ್ದು ನಿಂತಳು. "ಪಂಜದ ಲಿವರ್ ಮೇಲೆ ಕೈ ಇದ್ದಿದ್ದು ಯಾರದ್ದು? ಒತ್ತಿ ಒತ್ತಿ ಕೊಂದ. ಅವನೂ ನನ್ನ ತಮ್ಮನೇ, ಇಲ್ಲ ಅನ್ನಲ್ಲ. ಆದ್ರೆ ಇವತ್ತು ಹೆಗಲು ಕೊಡೋಕೆ ಬಂದ್ರೆ ನಾನು ಸುಮ್ನಿರಲ್ಲ, ಹೇಳಿದೀನಿ."

ಆ ತಮ್ಮ ಮೊನ್ನೆಯಿಂದ ವೆಲ್ಡಿಂಗ್ ಶೆಡ್ಡಿನೊಳಗೆ ಚಿಲಕ ಹಾಕಿಕೊಂಡು ಕುಳಿತಿದ್ದ. ಅನ್ನ ಮುಟ್ಟಿರಲಿಲ್ಲ. ನಿನ್ನೆಯೆಲ್ಲ ಬಾಗಿಲ ಸಂದಿಯಿಂದ "ನಾನೇ ಜಾಸ್ತಿ ಒತ್ತಿಬಿಟ್ಟೆ, ನಾನೇ" ಎನ್ನುತ್ತಿದ್ದ. ಬೆಳಗಿನಿಂದ ಆ ಮಾತೂ ಇಲ್ಲ. ಒಳಗೆ ಕತ್ತರಿಸುವುದು, ಸುಡುವುದು ಏನೇನಿದೆಯೆಂದು ಗೇಟಣ್ಣನ ಹೆಂಡತಿಗೆ ಗೊತ್ತಿತ್ತು, ಅವಳ ಭಯ ಅದೇ.

ಮೈದುನ ಕೊಂದಿಲ್ಲ ಎಂದು ಆ ಅಂಗಳದಲ್ಲಿ ಬಲ್ಲವಳು ಅವಳೊಬ್ಬಳೇ. ಹೇಳಿದರೆ ಅವನು ಉಳಿಯುತ್ತಾನೆ. ಹೇಳಿದ ಮೇಲೆ ತಾನು ಈ ಜನರ ಮಧ್ಯೆ ಯಾವ ಮುಖ ಇಟ್ಟುಕೊಂಡು ಉಳಿಯುವುದು? ಎರಡು ದಿನದಿಂದ ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು.

*

ಇಪ್ಪತ್ತೆರಡು ವರ್ಷದಿಂದ ಶೆಡ್ಡಿನಲ್ಲಿ ಅವಳದು ಒಂದೇ ಕೆಲಸ. ಅವನು ಬೆಸುಗೆ ಮುಗಿಸಿ, ಮುಖದ ಕವಚ ಮೇಲೆತ್ತಿ "ಹ್ಞೂಂ" ಅನ್ನಬೇಕು, ಇವಳು ಡ್ರಮ್ಮಿನಿಂದ ಒಂದು ಮಗ್ ನೀರು ತೆಗೆದು ಬಿಸಿ ಬೆಸುಗೆಯ ಮೇಲೆ ಸುರಿಯಬೇಕು. ಚುಂಯ್ ಎಂದು ಹಬೆ ಏಳುತ್ತಿತ್ತು, ಗಿರಾಕಿ ಗೇಟು ಹೊತ್ತುಕೊಂಡು ಹೋಗುತ್ತಿದ್ದ. ಕಿಟಕಿ ಸರಳು, ಹೊಲಿಗೆ ಮೆಷಿನ್ನಿನ ಕಾಲು, ಶಾಲೆಯ ಬೆಂಚು, ಎಲ್ಲಕ್ಕೂ ಇವಳದೇ ನೀರು. "ನಂದು ಬೆಂಕಿ, ಅವಳದು ನೀರು. ಹಂಗೇ ನಡೀತಿದೆ ನಮ್ಮ ಸಂಸಾರ," ಎಂದು ಅವನು ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಹೇಳಿದ್ದನ್ನೇ ಹೇಳುತ್ತಾನಲ್ಲ ಎಂದು ಇವಳಿಗೆ ಸಿಟ್ಟು, ಒಳಗೊಳಗೇ ಖುಷಿ.

ಪಂಜದ ಯೋಚನೆ ಬಂದದ್ದು ತಮ್ಮನಿಗಾಗಿ. ಗಾಳಿಗೆ ಬಿದ್ದ ಮರ, ಕಡಿದ ಮುಳ್ಳುಕೊಂಬೆ ಸಾಗಿಸುವುದು ತಮ್ಮನ ಕಸುಬು. ಬಕೆಟ್ ತುಂಬಿಕೊಂಡು ನಾಲ್ಕು ಹೆಜ್ಜೆ ಹೋಗುವುದರೊಳಗೆ ಅರ್ಧ ಜಾರಿ ಬೀಳುತ್ತಿತ್ತು. ಇಳಿದು, ಬರಿಗೈಯಲ್ಲಿ ಮತ್ತೆ ತುಂಬುತ್ತಿದ್ದ. ಊಟಕ್ಕೆ ಕುಳಿತಾಗ ಆ ಕೈ ನೋಡಿ ಗೇಟಣ್ಣ, "ಥೂ, ಏನೋ ಇದು, ಬೆಕ್ಕಿನ ಜೊತೆ ಕುಸ್ತಿ ಆಡಿದ್ಯಾ? ಮೇಲಿಂದ ಅದುಮಿ ಹಿಡಿಯೋ ಪಂಜ ಒಂದು ಮಾಡ್ಕೊಡ್ತೀನಿ ಇರು," ಎಂದ. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ಹುಡುಕಿ ತಂದು ಆರು ಹಲ್ಲು ಕತ್ತರಿಸಿದ. ರಟ್ಟಿನಲ್ಲಿ ಮಾದರಿ ಮಾಡಿ ಬಕೆಟ್ಟಿನ ಅಂಚಿಗೆ ಹಿಡಿದು ನೋಡಿದ. ಅರ್ಧ ಇಂಚು ಕಡಿಮೆ ಬಂತೆಂದು ಒಂದು ದಿನವಿಡೀ ತನ್ನನ್ನು ತಾನೇ ಬೈದುಕೊಂಡ.

"ಇದು ಗೇಟಲ್ಲ ಕಣೇ," ಎಂದು ಅವಳಿಗೆ ಮೊದಲೇ ಹೇಳಿದ್ದ. "ಸ್ಪ್ರಿಂಗ್ ಕಬ್ಬಿಣ. ಬಿಸಿ ಇರೋವಾಗ ನೀರು ತಾಗಿದ್ರೆ ಗಾಜಾಗಿಬಿಡುತ್ತೆ. ಬೂದಿಯಲ್ಲಿ ಹೂತಿಡು, ನಿಧಾನಕ್ಕೆ ಆರಲಿ." ಇಟ್ಟಿಗೆ ಭಟ್ಟಿಯಿಂದ ಬೂದಿ ತಂದು ಶೆಡ್ಡಿನ ಹೊರಗೋಡೆಯ ಬಳಿ ಅರ್ಧ ಡ್ರಮ್ ತುಂಬಿಸಿಟ್ಟಿದ್ದ.

ಒಂದೊಂದು ಹಲ್ಲಿನ ಬುಡಕ್ಕೂ ಕೀಲಿನ ಪಟ್ಟಿ ಬೆಸೆದ. ಐದು ಹಲ್ಲು ಬೂದಿಗೆ ಹೋದವು. ಆರನೆಯದು ಮುಗಿಯುವಾಗ ಸಂಜೆ. ಕವಚ ಮೇಲೆತ್ತಿ "ಹ್ಞೂಂ" ಎಂದವನೇ, ಉರಿಯುವ ಕಣ್ಣು ತೊಳೆಯಲು ಬಚ್ಚಲಿಗೆ ಹೋದ. ಅವಳು ಮಗ್ ಎತ್ತಿ ಸುರಿದಳು. ಚುಂಯ್ ಎಂದ ಮೇಲೆಯೇ ಅವಳಿಗೆ ನೆನಪಾದದ್ದು.

ಹೇಳಬಹುದಿತ್ತು. ಹೇಳಿದ್ದರೆ ಅವನು ಆ ಹಲ್ಲು ಬಿಸಾಡಿ, ಇನ್ನೊಂದು ಪಟ್ಟಿ ಕತ್ತರಿಸಿ, ಮತ್ತೆ ಕವಚ ಹಾಕಿಕೊಂಡು ಕೂರುತ್ತಿದ್ದ. ಕಣ್ಣು ಆಗಲೇ ಕೆಂಡವಾಗಿತ್ತು, ಮಧ್ಯಾಹ್ನ ಊಟ ಮಾಡಿರಲಿಲ್ಲ. ಒಂದು ಮಗ್ ನೀರಿಗೆ ಏನಾದೀತು ಅಂದುಕೊಂಡಳು. ಇಕ್ಕಳದಲ್ಲಿ ಹಿಡಿದು ಹಲ್ಲನ್ನು ಬೂದಿಯೊಳಗೆ ತಳ್ಳಿ, "ಊಟಕ್ಕೆ ಬನ್ನಿ," ಎಂದು ಕೂಗಿದಳು.

*

ಶೆಡ್ಡಿನೊಳಗೆ ಏನೋ ಭಾರದ್ದು ಬಿದ್ದ ಸದ್ದಾಯಿತು. ಅವಳು ಎದ್ದು ಓಡಿ ಎರಡೂ ಕೈಯಲ್ಲಿ ಬಾಗಿಲು ಬಡಿದಳು.

"ತೆಗಿಯೋ! ನೀನಲ್ಲ ಕಣೋ! ನಾನು! ಬಿಸಿ ಹಲ್ಲಿಗೆ ನಾನು ನೀರು ಹಾಕ್ದೆ, ಅದಕ್ಕೇ ಮುರೀತು! ಬೇಡ ಅಂದಿದ್ರು, ಮರೆತು ಹಾಕ್ದೆ. ಹಾಕಿ ಮುಚ್ಚಿಟ್ಟೆ!"

ಅಕ್ಕ ಬಂದು ಅವಳನ್ನು ಬಾಚಿ ತಬ್ಬಿಕೊಂಡಳು.

"ಅಯ್ಯೋ ನನ್ನ ತಾಯೀ, ಎಂಥ ಮನಸ್ಸೇ ನಿಂದು! ಗಂಡನ್ನ ಕಳ್ಕೊಂಡು ಮೈದುನನ ತಪ್ಪನ್ನ ಮೈಮೇಲೆ ಹಾಕ್ಕೊಳ್ತಿದೀಯಲ್ಲ! ನೀರು ಹಾಕಿದ್ರೆ ಕಬ್ಬಿಣ ಮುರಿಯುತ್ತಾ? ಇಷ್ಟು ವರ್ಷ ನೀನು ಹಾಕ್ಲಿಲ್ವಾ? ಯಾವ ಗೇಟು ಮುರೀತು ಹೇಳು?"

"ನಿಜ ಅಕ್ಕಾ. ನಿಮ್ಮ ಕಾಲು ಹಿಡೀತೀನಿ, ನಂಬಿ."

"ಪಾಪ, ತಲೆ ನಿಂತಿಲ್ಲ ಅವ್ರಿಗೆ," ಎಂದರು ಯಾರೋ. "ಕೂರ್ಸಿ. ಒಂದು ಲೋಟ ನೀರು ಕೊಡಿ."

ಅವಳು ಬಿಡಿಸಿಕೊಂಡು ಬೂದಿಯ ಡ್ರಮ್ಮಿಗೆ ಮೊಣಕೈವರೆಗೂ ಕೈ ಹಾಕಿದಳು. ಮೊನ್ನೆಯ ಗಲಾಟೆಯಲ್ಲಿ ಯಾರಿಗೂ ಕಾಣದಂತೆ ತಾನೇ ಅಲ್ಲಿ ಹೂತಿಟ್ಟಿದ್ದ ಮುರಿದ ಹಲ್ಲನ್ನು ಎಳೆದು ಲೇತ್ ಯಜಮಾನರ ಕೈಗೆ ಕೊಟ್ಟಳು.

"ನೀವಾದ್ರೂ ನೋಡಿ. ನಿಮಗೆ ಗೊತ್ತಾಗುತ್ತೆ."

ಯಜಮಾನರು ಬೂದಿ ಊದಿ, ಕನ್ನಡಕ ಸರಿ ಮಾಡಿಕೊಂಡು ಮುರಿದ ಮುಖ ನೋಡಿದರು. ಅರ್ಧ ಬೆಳ್ಳಗೆ ಹೊಳೆಯುತ್ತಿತ್ತು. ಇನ್ನರ್ಧ ತುಕ್ಕಿನ ಬಣ್ಣ. ಬಹಳ ಹೊತ್ತು ನೋಡಿದರು. ಅವಳ ಮುಖ ಮಾತ್ರ ನೋಡಲಿಲ್ಲ. ಬಾಗಿಲ ಹತ್ತಿರ ಹೋಗಿ ಬಗ್ಗಿದರು.

"ಲೋ, ಚಿಲಕ ತೆಗಿ. ನಿನ್ನ ಲಿವರ್ ಅಲ್ಲ ಕಣೋ. ಇದು ಮೊದಲೇ ಒಳಗೆ ಸೀಳಿತ್ತು, ಸೀಳಿಗೆ ತುಕ್ಕು ಬಂದಿದೆ. ನೀನು ಮೆಲ್ಲಗೆ ಒತ್ತಿದ್ರೂ ಮುರೀತಿತ್ತು. ನನ್ನ ಮಾತು ಕೇಳು, ಬಾ ಹೊರಗೆ."

"ಮೊದಲೇ ಸೀಳಿತ್ತಾ?" ಎಂದಳು ಅಕ್ಕ, ದನಿ ಇಳಿದು ಹೋಗಿತ್ತು. "ಹಳೇ ಲಾರಿದು ಎತ್ಕೊಂಡ್ ಬಂದ್ರೆ ಇನ್ನೇನಾಗುತ್ತೆ. ಯಾರ ತಪ್ಪೂ ಅಲ್ಲ ಬಿಡಿ." ಎಲ್ಲರೂ ಹೌದೆಂದು ತಲೆಯಾಡಿಸಿದರು. ಯಜಮಾನರು ಅದಕ್ಕೆ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ.

ಚಿಲಕ ಸರಿಯಿತು. ತಮ್ಮ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಬಂದ. ಹಲ್ಲು ಇಸಿದುಕೊಂಡು, ತುಕ್ಕಿನ ಗೆರೆಯ ಮೇಲೆ ಹೆಬ್ಬೆರಳು ಎಳೆದ. ಅಣ್ಣನ ಜೊತೆ ಬೆಳೆದವನಿಗೆ ಕಬ್ಬಿಣ ಓದಲು ಯಾರೂ ಕಲಿಸಬೇಕಿರಲಿಲ್ಲ. ಆಮೇಲೆ ಅವಳ ಬೂದಿ ಮೆತ್ತಿದ ಕೈ ನೋಡಿದ.

"ಅಣ್ಣಂಗೆ ಗೊತ್ತಿತ್ತಾ ಅತ್ತಿಗೆ?" ಅವಳಿಗಷ್ಟೇ ಕೇಳುವಂತೆ ಕೇಳಿದ.

"ಇಲ್ಲ."

"ಇನ್ನೂ ಒತ್ತು, ಏನೂ ಆಗಲ್ಲ, ನನ್ನ ಕೈಕೆಲಸ ಇದು ಅಂದ ಅಣ್ಣ. ನಗ್ತಾ ಅಂದ."

ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ ಎಂದು ಅವಳು ನಿಂತೇ ಇದ್ದಳು. ಅವನು ಹಲ್ಲನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಟ್ರ್ಯಾಕ್ಟರ್ ಹತ್ತಿದ. ಸ್ಪ್ಯಾನರಿನಿಂದ ಸ್ಟಾರ್ಟರಿಗೆ ಎರಡು ಬಾರಿ ಕುಟ್ಟಿದ, ಮೂರನೆಯ ಸಲಕ್ಕೆ ಇಂಜಿನ್ ಎದ್ದಿತು. ಪಂಜ ಬಾಯಿ ಬಿಟ್ಟಿತು. ದಿಮ್ಮಿ ಉರುಳಿ ನೆಲಕ್ಕೆ ಬಿದ್ದಾಗ ಜನ ಹೌಹಾರಿ ಹಿಂದೆ ಸರಿದರು. ಗಾಡಿ ಬೀದಿಗೆ ಹೋಯಿತು, ದಾರಿ ಬಿಟ್ಟಿತು.

*

ಅಕ್ಕನೇ ಕರೆದು ತಮ್ಮನನ್ನು ಮುಂದಿನ ಹೆಗಲಿಗೆ ನಿಲ್ಲಿಸಿದಳು. ಬೀದಿಯ ಎರಡೂ ಕಡೆ ಗೇಟಣ್ಣನ ಗೇಟುಗಳು. ಯಾವುದಕ್ಕೆ ಯಾವಾಗ ನೀರು ಹಾಕಿದ್ದೆಂದು ಅವಳಿಗೆ ಒಂದೊಂದೂ ನೆನಪಿತ್ತು. ಎಲ್ಲ ಗಟ್ಟಿಮುಟ್ಟಾಗಿ ನಿಂತಿದ್ದವು. ಮುಂದೆ ನಡೆಯುತ್ತಿದ್ದ ಮೈದುನ ತಿರುವಿನಲ್ಲಿ ಪಕ್ಕಕ್ಕೆ ವಾಲಿದಾಗಲೆಲ್ಲ ಅವನ ಜೇಬು ಕಬ್ಬಿಣದ ಭಾರಕ್ಕೆ ಜೋತು ಬೀಳುವುದು ಕಾಣುತ್ತಿತ್ತು. ಸ್ಮಶಾನದ ಗೇಟು ಕೂಡ ಗಂಡ ಮಾಡಿದ್ದೇ, ತಳ್ಳಿದರೆ ಸದ್ದಿಲ್ಲದೆ ತೆರೆಯಿತು.

ಮಣ್ಣು ಮಾಡಿ ಬಂದವರು ಶೆಡ್ಡಿನ ಪಕ್ಕದ ನೀರಿನ ಡ್ರಮ್ಮಿನಲ್ಲಿ ಕೈಕಾಲು ತೊಳೆದುಕೊಂಡರು. ಮೈದುನ ತೊಳೆದುಕೊಂಡು ಅವಳ ಪಕ್ಕದಿಂದಲೇ ದಾಟಿ ಹೋದ, ಅತ್ತಿಗೆ ಎಂದು ಕರೆಯಲಿಲ್ಲ.

"ಬಾ ತಾಯಿ, ಕೈ ಒಡ್ಡು," ಎಂದಳು ಅಕ್ಕ. "ಬೂದಿ ಹಾಗೇ ಇದೆ ನೋಡು. ನಾನು ಹಾಕ್ತೀನಿ."

ಅದೇ ಮಗ್. ಅವಳು ಎರಡೂ ಕೈ ಮುಂದೆ ಚಾಚಿದಳು. ಅಕ್ಕ ಮಗ್ ಬಗ್ಗಿಸಿದಳು. ನೀರು ಬಿದ್ದಿತು, ಬೂದಿ ಕರಗಿ ಬೆರಳುಗಳಿಂದ ಇಳಿಯಿತು. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಚುಂಯ್ ಎಂಬ ಸದ್ದಿಗೆ ಕಾದಳು.