ಕೋಡಿಯ ದಾರಿಯಲ್ಲಿ ಒಂದು ಮನೆ

ಮೂರನೆಯ ದಿನವೂ ಮಳೆ ಬಿಡಲಿಲ್ಲ. ಬೆಳಗಿನಿಂದ ನಾನು ಒಲೆಗೂ ಕಿಟಕಿಗೂ ನಡುವೆ ಓಡಾಡುತ್ತಿದ್ದೆ. ಕಾಫಿ ಕಾಯಿಸುವುದು, ಕುಡಿಯದೆ ಚೆಲ್ಲುವುದು, ಮತ್ತೆ ಕಾಯಿಸುವುದು. ಕಿಟಕಿಯಿಂದ ಕಾಣುವುದು ಕಟ್ಟೆಯ ಏರಿಯೊಂದೇ. ಅದರ ಮೇಲೆ ಪಿಕಪ್‌ಗಳು ಸಾಲಾಗಿ ನಿಂತಿದ್ದವು. ಜೋರು ಮಳೆ ಬಂದರೆ ನಮ್ಮ ಕಡೆಯ ಗಂಡಸರು ಏರಿಯ ಮೇಲೆ ಗಾಡಿ ನಿಲ್ಲಿಸಿ, ಒಳಗೇ ಕೂತು ನೀರು ನೋಡುತ್ತಾರೆ. ನೋಡಿದರೆ ನೀರು ಇಳಿಯುವುದಿಲ್ಲ. ಆದರೂ ನೋಡುತ್ತಾರೆ.

ಓಕ್ಲಹೋಮದ ಈ ಕೆಂಪು ನೆಲದಲ್ಲಿ ಹಳ್ಳಕ್ಕೊಂದು ಮಣ್ಣಿನ ಕಟ್ಟೆ ಇದೆ. ಮಳೆ ಬಂದಾಗ ಹಳ್ಳದ ನೀರನ್ನು ಹಿಡಿದಿಟ್ಟು, ಏರಿಯ ಅಡಿಯ ಕೊಳವೆಯಿಂದ ಸ್ವಲ್ಪಸ್ವಲ್ಪವೇ ಬಿಡುವುದು ಅದರ ಕೆಲಸ. ಕೊಳವೆಯ ಬಾಯಿ, ಅಂದರೆ ತೂಬು, ನೀರಿನ ನಡುವೆ ಸಿಮೆಂಟಿನ ಗೂಡಿನ ಹಾಗೆ ನಿಂತಿರುತ್ತದೆ. ತೂಬಿಗೆ ಮೀರಿದ ನೀರು ಬಂದರೆ ಏರಿಯ ಪಕ್ಕದಲ್ಲಿ ಅಗಲವಾಗಿ ಕಡಿದ ಹುಲ್ಲಿನ ಕೋಡಿಯಿದೆ. ನಮ್ಮ ಕಟ್ಟೆಯ ಕೋಡಿ ಹರಿದದ್ದನ್ನು ಯಾರೂ ನೋಡಿರಲಿಲ್ಲ. ನನ್ನ ಮನೆ ಇದ್ದದ್ದು ಆ ಕೋಡಿಯ ಕೆಳಗೆ, ನೀರು ಬಂದರೆ ಸರಿಯಾಗಿ ಅದರ ದಾರಿಯಲ್ಲಿ.

ಗಂಡನನ್ನು ಬಿಟ್ಟು ಅಮರಿಲ್ಲೋದಿಂದ ಬಂದವಳು ನಾನು. ಊರಿನ ವೃದ್ಧಾಶ್ರಮದಲ್ಲಿ ಅಡುಗೆ ಮಾಡಿ ಉಳಿಸಿದ ದುಡ್ಡಲ್ಲಿ ಎಳೆದು ತಂದು ಸಿಮೆಂಟು ಇಟ್ಟಿಗೆಗಳ ಮೇಲೆ ಕೂರಿಸುವ ಒಂದು ಹಳೇ ಟ್ರೈಲರ್ ಮನೆ ಕೊಂಡೆ. ಇಡಲು ಜಾಗ ಕೇಳಿದಾಗ ಅಪ್ಪ ತನ್ನ ಜಮೀನಿನ ಈ ಜಾಗಕ್ಕೆ ಕರೆದುಕೊಂಡು ಬಂದು, ನೆಲ ಎಷ್ಟು ಸಮ ಇದೆ ನೋಡು, ಒಂದು ಸಲಿಕೆ ಮಣ್ಣೂ ತೆಗೆಯಬೇಕಾಗಿಲ್ಲ ಅಂದ. ಕಟ್ಟೆಗಳ ಉಸ್ತುವಾರಿ ನೋಡುವ ಡೆಲ್ಬರ್ಟ್ ಇದು ಸರಿಯಲ್ಲ ಎಂದು ಒಂದು ಸಲ ಹೇಳಿದ, ಎರಡನೆಯ ಸಲ ಹೇಳಲಿಲ್ಲ. ಅವನು ಮಣ್ಣು ಸಂರಕ್ಷಣಾ ಮಂಡಳಿಯ ನೌಕರ. ಅಪ್ಪ ಆರ್ನೋ ಕ್ಲೀವರ್ ಆ ಮಂಡಳಿಯ ಅಧ್ಯಕ್ಷ. ಹೋದ ಚಳಿಗಾಲ ಕೆಳಗಿನ ಹೊಲದ ರೂಬೆನ್ ನಿಕ್ಕೆಲ್ ತನ್ನ ಕಟ್ಟೆಯ ಕೋಡಿಗೆ ಅಡ್ಡವಾಗಿ ಬೇಲಿ ಹಾಕಿದಾಗ, ಇದೇ ಅಪ್ಪ ಸಭೆಯಲ್ಲಿ ಎಲ್ಲರೆದುರು ಬೈದು ಅದನ್ನು ಕೀಳಿಸಿದ್ದ.

ಮಧ್ಯಾಹ್ನಕ್ಕೆ ಕೂರಲಾಗದೆ ಹೊರಗೆ ಬಂದೆ. ಏರಿಯ ಹಿಂಬದಿ ಕೊಳವೆ ಹೊರಬೀಳುವಲ್ಲಿಗೆ ಹೋದೆ. ಅಷ್ಟು ನೀರು ನಿಂತಾಗ ಕೊಳವೆ ಗೂಳಿಯಂತೆ ಗುಟುರು ಹಾಕಬೇಕು. ಅದು ಬಚ್ಚಲ ನಲ್ಲಿಯಂತೆ ಸುರಿಯುತ್ತಿತ್ತು. ಕೆಸರಲ್ಲಿ ಜಾರುತ್ತ ಏರಿ ಹತ್ತಿ ಡೆಲ್ಬರ್ಟನ ಗಾಡಿಯ ಗಾಜು ತಟ್ಟಿದೆ.

"ಗೊತ್ತು ಮಾರ್ಲಿಸ್. ತೂಬು ಕಟ್ಕೊಂಡಿದೆ. ಬೀವರ್ ಇರ್ಬೇಕು, ಕಡ್ಡಿ ತಂದು ತುರುಕಿರುತ್ವೆ."

"ಯಾರು ಹೇಳಿದ್ದು?"

"ನಿಮ್ಮಪ್ಪನೇ."

ಈ ಹಳ್ಳದ ದಂಡೆಯಲ್ಲಿ ನಾನು ದಿನಾ ನಡೆಯುತ್ತೇನೆ. ಬೀವರ್ ಹಲ್ಲಿನಿಂದ ಮರ ಕಡಿದು ನೀರಿಗೆ ಒಡ್ಡು ಕಟ್ಟುವ ಪ್ರಾಣಿ, ಇದ್ದರೆ ಒಂದಾದರೂ ಮರ ಕೊರೆದದ್ದು ಕಾಣಬೇಕು. ಒಂದೂ ಇಲ್ಲ. ತೂಬಿನ ನೆತ್ತಿ ಆಗಲೇ ಮುಳುಗಿತ್ತು. ನೀರು ಕೋಡಿಯ ಹೊಸ್ತಿಲಿಗಿಂತ ಮಂಡಿಯುದ್ದ ಕೆಳಗಿತ್ತು. ಸಂಜೆಯೊಳಗೆ ಕೋಡಿ ಹರಿಯಬಹುದು, ಸಾಮಾನು ತೆಗೆಯುವುದು ಒಳ್ಳೆಯದು ಅಂದ ಡೆಲ್ಬರ್ಟ್. ಎಷ್ಟು ನೀರು ಬರುತ್ತದೆ ಎಂದು ಕೇಳಿದೆ. ತೂಬು ಬಿಚ್ಚಿಕೊಂಡರೆ ಪಾದ ಮುಳುಗುವಷ್ಟು, ಇಲ್ಲದಿದ್ದರೆ ಮನೆ ಇರುವುದಿಲ್ಲ, ಅಂದ. ಸುತ್ತುಬಳಸಿ ಮಾತಾಡುವವನಲ್ಲ ಅವನು.

ಹಗ್ಗ, ಪೆಟ್ಟಿಗೆ ಬೇಕಿತ್ತು. ಅಪ್ಪನ ಶೆಡ್ಡಿಗೆ ಹೋದೆ. ಅಪ್ಪ ಅಲ್ಯೂಮಿನಿಯಂ ದೋಣಿಯನ್ನು ಒಬ್ಬನೇ ಪಿಕಪ್ಪಿಗೆ ಏರಿಸುತ್ತಿದ್ದ. ಎಪ್ಪತ್ತು ದಾಟಿದ ಮನುಷ್ಯ, ಈಜು ಬರದು. ಸೀಟಿನ ಮೇಲೆ ತಂತಿ ಕತ್ತರಿಸುವ ಇಕ್ಕಳ ಬಿದ್ದಿತ್ತು.

"ಎಲ್ಲಿಗೆ?"

"ಸುಮ್ನೆ. ಒಂದು ಸುತ್ತು ನೋಡ್ಕೊಂಡ್ ಬರ್ತೀನಿ."

"ಈ ಮಳೇಲಿ ಮೀನು ಹಿಡಿಯೋಕಾ?"

ಮೀನು ಎಂದದ್ದಕ್ಕೆ ಅವನ ಕೈ ನಿಂತಿತು. ಆಮೇಲೆ ದೋಣಿಯ ಅಂಚು ಹಿಡಿದುಕೊಂಡೇ ಎಲ್ಲ ಹೇಳಿದ. ಚರ್ಚಿನ ಜುಲೈ ಊಟಕ್ಕೆಂದು ಪ್ರತಿವರ್ಷ ಅವನು ಕಟ್ಟೆಗೆ ಕ್ಯಾಟ್‌ಫಿಶ್ ಮರಿ ಬಿಡುತ್ತಾನೆ. ಜೋರು ಮಳೆಗೆ ಅವು ತೂಬಿಗೆ ನುಗ್ಗಿ, ಕೊಳವೆಯಲ್ಲಿ ಜಾರಿ, ಕೆಳಗೆ ರೂಬೆನ್ನನ ಕಟ್ಟೆ ಸೇರುತ್ತವೆ. ರೂಬೆನ್ ಅವನ್ನು ಹಿಡಿದು ಹುರಿದು, ಭಾನುವಾರ ಚರ್ಚಿನ ಬಾಗಿಲಲ್ಲಿ ಅಪ್ಪನ ಕೈಕುಲುಕಿ ಧನ್ಯವಾದ ಹೇಳುತ್ತಾನೆ. ಈ ಸಲ ಒಂದು ಮೀನೂ ಹೋಗಬಾರದೆಂದು ಅಪ್ಪ ಹಂದಿದೊಡ್ಡಿಯ ತಂತಿ ಜಾಲರಿ ತಂದು ತೂಬಿನ ಸುತ್ತ ಬಿಗಿದಿದ್ದ. ಈಗ ಮೂರು ದಿನದ ಹುಲ್ಲು, ಕಸ, ಮೇಲಿನ ಹೊಲಗಳ ಹಳೇ ಕೂಳೆ ಎಲ್ಲ ಅದಕ್ಕೆ ಮೆತ್ತಿಕೊಂಡಿತ್ತು.

"ನಿನ್ನೆ ತೂಬು ನೀರಿಂದ ಮೇಲಿತ್ತು," ಅಂದೆ. "ಉದ್ದ ಕೋಲಿಗೆ ಕುಡುಗೋಲು ಕಟ್ಟಿ ಎಳೆದಿದ್ರೆ ಸಾಕಿತ್ತು. ನಿನ್ನೆ ಯಾಕೆ ಬಾಯಿ ಬಿಡ್ಲಿಲ್ಲ?"

"ಮಳೆ ನಿಲ್ಲುತ್ತೆ ಅನ್ಕೊಂಡೆ. ರೂಬೆನ್ ಬೇರೆ ಅಲ್ಲೇ ಕೂತಿದ್ದ."

ಅವನ ಜೊತೆ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಅಪ್ಪ ಉಪಾಯ ಹೇಳಿಕೊಟ್ಟ. ನಾನು ಏರಿಯ ಮೇಲಿನವರನ್ನು ಸಾಮಾನು ಹೊರಲು ಮನೆಗೆ ಕರೆದುಕೊಂಡು ಹೋಗಬೇಕು, ಅವನು ಆ ತುದಿಯಲ್ಲಿ ದೋಣಿ ಇಳಿಸಿ ಜಾಲರಿ ಕತ್ತರಿಸುತ್ತಾನೆ, ಯಾರಿಗೂ ತಿಳಿಯುವುದಿಲ್ಲ. ಅರ್ಧ ಗಂಟೆ ಸಾಕು. ಜಾಲರಿ ಕಳಚಿದ ಕೂಡಲೇ ತೂಬು ದೋಣಿಯನ್ನೂ ಒಳಗೆ ಎಳೆಯುತ್ತದೆ ಎಂದೆ. ತನಗೆ ಆ ಕಟ್ಟೆ ಗೊತ್ತು ಎಂದ. ಗಾಜಿನ ವೈಪರ್ ಆಚೀಚೆ ಬಡಿಯುತ್ತಿತ್ತು, ಅಪ್ಪನ ಬೆರಳು ಸ್ಟಿಯರಿಂಗ್ ಮೇಲೆ ಅದಕ್ಕಿಂತ ಜೋರಾಗಿ ಬಡಿಯುತ್ತಿತ್ತು.

"ಅವರ ಮುಂದೆ ಬೇಡ ಮಾರ್ಲಿಸ್. ಅಷ್ಟು ಮಾಡು ಸಾಕು."

ಏರಿ ಬಂತು. ಗಾಡಿ ನಿಲ್ಲುವ ಮೊದಲೇ ಇಳಿದೆ. ರೂಬೆನ್ ತನ್ನ ಪಿಕಪ್ಪಿನ ಬಾಗಿಲು ತೆರೆದು ಥರ್ಮಾಸಿನಿಂದ ಡೆಲ್ಬರ್ಟನಿಗೆ ಕಾಫಿ ಬಗ್ಗಿಸುತ್ತಿದ್ದ. ಇನ್ನೂ ನಾಲ್ಕೈದು ಜನ ಟೋಪಿಯಿಂದ ನೀರು ಸುರಿಸಿಕೊಂಡು ನಿಂತಿದ್ದರು.

"ಬೀವರ್ ಅಲ್ಲ," ಅಂದೆ. "ಅಪ್ಪ ತೂಬಿಗೆ ಜಾಲರಿ ಸುತ್ತಿದ್ದಾನೆ. ಮೀನು ಹೋಗ್ದೇ ಇರ್ಲಿ ಅಂತ. ಈಗ ದೋಣೀಲಿ ಹೋಗಿ ಕತ್ತರಿಸ್ತೀನಿ ಅಂತಿದ್ದಾನೆ. ಬಿಡ್ಬೇಡಿ."

ಅಪ್ಪ ಗಾಡಿಯಿಂದ ಇಳಿದು ಬಾಗಿಲ ಹಿಂದೆಯೇ ನಿಂತ. ರೂಬೆನ್ ಥರ್ಮಾಸಿನ ಮುಚ್ಚಳ ನಿಧಾನವಾಗಿ ತಿರುಗಿಸಿದ.

"ನನ್ ಬೇಲಿ ಕೀಳಿಸಿದ್ರಿ ಅಧ್ಯಕ್ಷರೇ. ನೀವು ಮೀನಿಗೆ ದೊಡ್ಡಿ ಕಟ್ಟಿದ್ದೀರಿ."

ಒಬ್ಬ ನಕ್ಕ, ಅರ್ಧಕ್ಕೇ ನಿಲ್ಲಿಸಿದ. ರೂಬೆನ್ ಅಷ್ಟು ಹೇಳಿ ತನ್ನ ಟ್ರಾಕ್ಟರ್ ತರಲು ಹೋದ. ಡೆಲ್ಬರ್ಟ್ ಅಪ್ಪನ ಮುಖ ನೋಡದೆ ಜಾಲರಿ ಎಷ್ಟು ಕಡೆ ಬಿಗಿದಿದೆ, ಯಾವ ದಿಕ್ಕಿನಲ್ಲಿ ಗಂಟಿದೆ ಎಂದು ಕೇಳಿದ. ಅಪ್ಪ ಅದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟ. ಡೆಲ್ಬರ್ಟನೂ ಇನ್ನಿಬ್ಬರೂ ಉಕ್ಕಿನ ಹಗ್ಗಕ್ಕೆ ಕೊಕ್ಕೆ ಕಟ್ಟಿ ತೂಬಿನ ಕಡೆ ಎಸೆಯತೊಡಗಿದರು. ಕೊಕ್ಕೆ ಬರಿ ಹುಲ್ಲು ತಂದಿತು, ಮತ್ತೆ ಬರಿ ಹುಲ್ಲು ತಂದಿತು. ನಾನು ಉಳಿದವರನ್ನು ಕರೆದುಕೊಂಡು ಮನೆಗೆ ಓಡಿದೆ. ಹಾಸಿಗೆ, ಫ್ರಿಜ್ಜು, ಪಾತ್ರೆ, ಬಟ್ಟೆ ಕಟ್ಟಿದ ದುಪ್ಪಟಿಗಳು, ಕೈಗೆ ಸಿಕ್ಕಿದ್ದೆಲ್ಲ ಹೊರಗೆ ಹೋಯಿತು. ಪ್ರತಿ ಸಲ ಬಾಗಿಲು ದಾಟುವಾಗ ಕೋಡಿಯ ಕಡೆ ನೋಡುತ್ತಿದ್ದೆ. ಒಮ್ಮೆ ಏನನ್ನೂ ಎತ್ತಿಕೊಳ್ಳದೆ ಬರಿಗೈಯಲ್ಲಿ ಹೊರಗೆ ಬಂದುಬಿಟ್ಟೆ.

ಕೊಕ್ಕೆ ಜಾಲರಿಗೆ ಸಿಕ್ಕಿದ್ದು ಹೊತ್ತು ಇಳಿದ ಮೇಲೆ. ಟ್ರಾಕ್ಟರ್ ಎಳೆದದ್ದು ನನಗೆ ಕಾಣಲಿಲ್ಲ. ಕೊಳವೆಯ ಸದ್ದು ಕೇಳಿಸಿತು. ಮೊದಲು ಕೆಮ್ಮಿದ ಹಾಗೆ, ಆಮೇಲೆ ನೆಲ ಅದುರುವ ಹಾಗೆ. ಅದರ ಹಿಂದೆಯೇ ಕೋಡಿ ಹರಿಯಿತು. ಹುಲ್ಲಿನ ಮೇಲೆ ಕೆಂಪು ನೀರು ಹಾಳೆಯಂತೆ ಹರಡಿಕೊಂಡು, ಅವಸರವಿಲ್ಲದೆ ಬಂದು, ಮನೆಯ ಅಡಿ ಹೊಕ್ಕಿತು. ಮೊಣಕಾಲೂ ಮುಟ್ಟದಷ್ಟು ನೀರು. ಮೆಟ್ಟಿಲು ಕೊಚ್ಚಿಹೋದವು. ಒಂದು ಕಡೆಯ ಸಿಮೆಂಟು ಇಟ್ಟಿಗೆಗಳು ಜಾರಿ ಮನೆ ಮೂಲೆಗೆ ವಾಲಿ ಕೂತಿತು, ಹೋಗಲಿಲ್ಲ.

ರಾತ್ರಿ ಅಪ್ಪನ ಮನೆಯಲ್ಲಿ ಮಲಗಿದೆ. ಬೆಳಿಗ್ಗೆ ಬಿಸಿಲು ಬಂತು. ಹುರಿದ ಸಾಸೇಜಿನ ತಟ್ಟೆಯನ್ನು ನನ್ನ ಕಡೆ ತಳ್ಳಿ, ಮಂಡಳಿ ಬಿಡುತ್ತೇನೆಂದು ಡೆಲ್ಬರ್ಟನಿಗೆ ಫೋನ್ ಮಾಡಿದೆ ಅಂದ. ಅವನು ಬೇಡ ಅನ್ನಲಿಲ್ಲವಂತೆ.

"ಅರ್ಧ ಗಂಟೆ ತಾಳಿದ್ರೆ ಆಗ್ತಿತ್ತು," ಅಂದ.

"ತಾಳಿದ್ರೆ ಇವತ್ತು ನಿನ್ನನ್ನ ತೂಬಿನಿಂದ ಎಳೀತಿದ್ವಿ."

ಅವನು ತಿನ್ನುತ್ತಲೇ ಇದ್ದ. ಆಮೇಲೆ, ಮನೆ ಎತ್ತಿಸಿ ಇಟ್ಟಿಗೆ ಸರಿಮಾಡಿಸಿದರೆ ಅಲ್ಲೇ ಮತ್ತೆ ಇರಬಹುದು, ಇಷ್ಟು ವರ್ಷಕ್ಕೆ ಒಂದೇ ಸಲ ತಾನೆ ಹರಿದದ್ದು ಎಂದು ಹೇಳಿದ. ಅವನು ನಿಜವಾಗಿ ಹಾಗೆ ನಂಬಿದ್ದ. ಆಗ ನನಗೆ ಕೇಳಬೇಕಾದ ಪ್ರಶ್ನೆ ಸಿಕ್ಕಿತು.

"ಮೊದಲ್ನೇ ಸಲ ಅಲ್ಲೇ ಯಾಕೆ ತೋರಿಸ್ದೆ?"

"ಸಮತಟ್ಟು ಇತ್ತಲ್ಲ."

"ಕೋಡಿ ದಾರೀಲಿ ಗೋಧಿ ಹಾಕೋಕೆ ಆಗಲ್ಲ, ನಿನಗೆ ಬೇಡದ ನೆಲ. ಅದಕ್ಕೆ."

ಅಪ್ಪ ಫೋರ್ಕ್ ಕೆಳಗಿಟ್ಟ. ಇಲ್ಲ ಅನ್ನಲಿಲ್ಲ.

ಮನೆ ಇಡಲು ರಸ್ತೆ ಪಕ್ಕದ ಎತ್ತರದ ಮೂಲೆ ಬೇಕು ಎಂದೆ. ಕರೆಂಟಿನ ಕಂಬ ಅಲ್ಲೇ ಇದೆ, ನೀರು ಅಲ್ಲಿಗೆ ಯಾವತ್ತೂ ಬರುವುದಿಲ್ಲ. ಅದು ಇರುವುದರಲ್ಲೇ ಒಳ್ಳೆ ಭೂಮಿ ಅಂದ. ಗೊತ್ತು ಎಂದೆ. ಗೋಧಿ ಕೊಯ್ಲಿಗೆ ನಿಂತಿದೆ ಅಂದ. ಕೊಯ್ಯುವ ಯಂತ್ರದವರು ನೆಲ ಒಣಗಲಿ ಎಂದು ಊರಲ್ಲಿ ಕಾಯುತ್ತಿದ್ದಾರೆ, ಬಂದಾಗ ಆ ಮೂಲೆಯಿಂದಲೇ ಶುರು ಮಾಡಲಿ ಎಂದೆ. ಅವನು ಕಿಟಕಿಯಾಚೆ ನೋಡಿದ. ಅಮ್ಮ ಇದ್ದಿದ್ದರೆ ಏನಾದರೂ ಹೇಳಿ ಇಬ್ಬರನ್ನೂ ಸುಮ್ಮನಾಗಿಸುತ್ತಿದ್ದಳು. ಅಮ್ಮ ಇರಲಿಲ್ಲ.

"ಎಷ್ಟು ಜಾಗ ಬೇಕು?" ಕೊನೆಗೆ ಕೇಳಿದ.

ತೋರಿಸುತ್ತೇನೆ ಎಂದು ಎದ್ದೆ. ಶೆಡ್ಡಿನಿಂದ ನಾಲ್ಕು ಗೂಟ, ಒಂದು ಸುತ್ತಿಗೆ ತೆಗೆದುಕೊಂಡು ಹೋದೆ. ಗೋಧಿ ಸೊಂಟದೆತ್ತರ, ಒದ್ದೆ, ತೆನೆ ತಲೆಬಾಗಿ ನಿಂತಿತ್ತು. ಅದನ್ನು ತುಳಿದುಕೊಂಡೇ ಒಳಗೆ ಹೋಗಿ ಮೊದಲ ಗೂಟ ಹೊಡೆದೆ. ಅಪ್ಪ ರಸ್ತೆಯಲ್ಲೇ ನಿಂತು ನೋಡುತ್ತಿದ್ದ. ಎರಡನೆಯದನ್ನು ಹೊಡೆಯುವಾಗ, ಅಷ್ಟು ಒಳಗೆ ಬೇಡ ಎಂದು ಕೂಗಿದ. ನಾನು ಇನ್ನೆರಡು ಹೆಜ್ಜೆ ಒಳಗೆ ಹೋದೆ.