ಇನ್ನೊಂಚೂರು ಹೆರೆದರೆ ಸಾಕು

ನನ್ನ ಗಂಡ ಬಡಗಿ. ಓರೆಯಾದ ಬಾಗಿಲು ಕಂಡರೆ ಅವರ ಕೈ ಸುಮ್ಮನಿರದು. ಸರೋವರದ ದಂಡೆಯ ಗುಡ್ಡದ ಮೇಲಿರುವ ನಮ್ಮ ಓಣಿಗೋ ಅದೇ ರೋಗ: ಇಂದು ಈ ಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡರೆ ನಾಳೆ ಆ ಮನೆಯದು. ತೇವಕ್ಕೆ ಮರ ಉಬ್ಬಿದೆ ಎಂದು ಇವರು ಅಂಚು ಹೆರೆದು ಕೂರಿಸಿ ಬರುತ್ತಿದ್ದರು. ಉಬ್ಬಿದ್ದು ಮರವಲ್ಲ, ಗುಡ್ಡ ಜಾರುತ್ತಿದೆ ಎಂದು ಭೂವಿಜ್ಞಾನ ಇಲಾಖೆಯವರು ಬಂದು ಹೇಳಿದರು. ಮೇಲಿನ ಮಣ್ಣಲ್ಲ, ಅಡಿಯ ಬಂಡೆಯೇ ವರ್ಷಕ್ಕೆ ಬೆರಳಗಲ ಸರೋವರದ ಕಡೆ ಸರಿಯುತ್ತಿದೆಯಂತೆ. ನೀರಿನೊಳಗೆ ಅದರ ಬುಡವೂ ಬಿರುಕು ಬಿಟ್ಟಿದೆಯಂತೆ. ಮನೆ ಖಾಲಿ ಮಾಡಿ ಎಂದರು.

ಓಣಿಯವರು ಕಿವಿಗೆ ಹಾಕಿಕೊಂಡರೆ ತಾನೆ! "ಬಾಗಿಲು ಸರಾಗವಾಗಿ ತೆಗೆಯುತ್ತಲ್ಲ, ಗುಡ್ಡ ಎಲ್ಲಿ ಜಾರ್ತಿದೆ?" ಎಂದು ನಗುತ್ತಿದ್ದರು. ಮನೆ ಬಿಡೋಣ ಎಂದು ಇವರಿಗೆ ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ಇವರದು ಒಂದೇ ಮಾತು: "ಅಮ್ಮ ಈ ಮನೆ ಬಿಟ್ಟು ಬರಲ್ಲ ಕಣೆ." ಹಾಸಿಗೆ ಹಿಡಿದಿದ್ದ ನಮ್ಮತ್ತೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಇವತ್ತು ಬೆಳಿಗ್ಗೆ ನೆಲದಡಿಯಿಂದ ಗುಡುಗುಡು ಸದ್ದು ಬಂತು. ಅಡುಗೆಮನೆಯ ಗೋಡೆ ಕೈ ತೂರುವಷ್ಟು ಬಿರುಕು ಬಿಟ್ಟಿತು. ಅತ್ತೆಯ ಕೋಣೆಯ ಬಾಗಿಲು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಇವರು ಉಳಿ ತಂದು ಸಂದಿಯಲ್ಲಿಟ್ಟು ಮೆಲ್ಲಗೆ ಹೆರೆಯತೊಡಗಿದರು.

"ಒಡೀರಿ ಅದನ್ನ!" ಎಂದು ಕಿರುಚಿದೆ.

"ತಾಳು, ಇನ್ನೊಂಚೂರು ಹೆರೆದ್ರೆ ಸಾಕು."

ತಲೆಯ ಮೇಲೆ ಗಾರೆ ಉದುರುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯ ಹೆತ್ತ ತಾಯಿಯನ್ನು ಕೊಂದೇ ಬಿಡುತ್ತಾನೆ ಅನ್ನಿಸಿತು. ಇವರನ್ನು ಪಕ್ಕಕ್ಕೆ ನೂಕಿ ಕೊಡಲಿ ಎತ್ತಿದೆ. ಕೈ ಸೋಲುವವರೆಗೂ ಹೊಡೆದ ಮೇಲೆ ಬಾಗಿಲು ಸೀಳಿಹೋಯಿತು.

ಅತ್ತೆ ಮಂಚದ ಮೇಲೆ ಬಟ್ಟೆಯ ಗಂಟು ಅಪ್ಪಿಕೊಂಡು ಮಲಗಿದ್ದರು. ಅದು ಇವತ್ತು ಕಟ್ಟಿದ ಗಂಟಲ್ಲ, ಮೇಲೆಲ್ಲ ಧೂಳು ಕೂತಿತ್ತು.

"ಇಲಾಖೆಯವ್ರು ಬಂದ್ಹೋದಾಗ್ಲೇ ಕಟ್ಟಿಟ್ಟಿದ್ದೆ ಕಣಮ್ಮ," ಎಂದರು. "ಹೊರಡೋಣ ಅಂದ್ರೆ ಮಗನ ಕೆಲಸದ ಮೇಲೆ ನಂಬಿಕೆ ಇಲ್ಲ ಅಂದ ಹಾಗಾಗುತ್ತಲ್ಲ ಅಂತ ಸುಮ್ನಿದ್ದೆ."

ಇವರು ಉಳಿ ಬಿಸಾಡಿದರು. ತಾಯಿಯನ್ನು ಎತ್ತಿಕೊಂಡು, ತೆರೆದೇ ಇದ್ದ ಮುಂಬಾಗಿಲಿನಿಂದ ಹೊರಗೆ ಓಡಿದರು. ನಾನು ಕೊಡಲಿ ಹಿಡಿದೇ ಹಿಂದೆ ಓಡಿದೆ.

ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಎರಡೂ ಸಾಲಿನ ಮನೆಗಳ ಒಳಗಿನಿಂದ ಬಾಗಿಲು ಬಡಿಯುವ ಸದ್ದು. ಕಿಟಕಿಯ ಸರಳು ಹಿಡಿದು ಹೆಂಗಸರು, ಮಕ್ಕಳು ಕೂಗುತ್ತಿದ್ದರು.

"ಬಡಗಿಯಣ್ಣಾ, ಬಾಗಿಲು ತೆಗೀತಿಲ್ಲ! ಬೇಗ ಬಾರಣ್ಣಾ!"

ಇವರು ತಾಯಿಯನ್ನು ರಸ್ತೆಯ ಮೇಲೆ ಮಲಗಿಸಿ, ನನ್ನ ಕೈಯಿಂದ ಕೊಡಲಿ ಕಿತ್ತುಕೊಂಡು ಓಡಿದರು. ಇದ್ದದ್ದು ಅದೊಂದೇ ಕೊಡಲಿ. ಇವರು ಕೂರಿಸಿದ ಬಾಗಿಲುಗಳು ಅಷ್ಟು ಸುಲಭಕ್ಕೆ ಒಡೆಯುವಂಥವಲ್ಲ.