ಸೆರಗು ಕೂಡಿದ ಜಾಗ

೧

“ಬೊಂಬಾಯಾಗ ಯಾರ ಮನಿ ರೊಟ್ಟಿ ತಿಂದು ಬಂದಿಲೇ ಫಕ್ರು? ಆಕಿ ಹೆಸರರ ಹೇಳು. ಇಟಲಿಯಂತ, ಇಟಲಿ.”

ಕಥೆಯನ್ನು ಹೀಗೆ ಸುರು ಮಾಡಬೇಕೋ ಬೇಡವೋ ಅಂತ ಮೂರು ದಿನದಿಂದ ಪೆನ್ನು ಕಡಿಯುತ್ತ ಕೂತಿದ್ದೇನೆ. ಬೈಗುಳದಿಂದ ಸುರುವಾದರೆ ಓದುವವರಿಗೆ ಹುರುಪು ಬರ್ತದೆ, ಖರೆ. ಆದರೆ ಬೈಸಿಕೊಂಡವನ ಮೋರೆ ತೋರಿಸುವ ಮೊದಲೇ ಬೈದವನ ಮಾತು ಬರೆದೆನಲ್ಲ, ಅಲ್ಲಿಗೆ ನಾನೂ ಕಟ್ಟೆ ಮೇಲೆ ಕೂತು ನಕ್ಕವರ ಪೈಕಿ ಆದೆ. ಬೇರೆ ಸುರುವಾತು ಹುಡುಕಿದೆ. (“ಅದು ಚಳಿಗಾಲದ ಒಂದು ಸುಂದರ ಮುಂಜಾವು...” ಥೂ.) ಸಿಗಲಿಲ್ಲ. ಬೈಗುಳ ಬಿದ್ದಾಗಿದೆ. ಬಿದ್ದ ಜಾಗವನ್ನಾದರೂ ಸರಿಯಾಗಿ ಹೇಳುತ್ತೇನೆ.

ಇಳಕಲ್‌, ೧೯೧೦ರ ಜನೇವರಿ. ಪಾಂಡಪ್ಪನ ನೂಲಿನ ಅಂಗಡಿಯ ಕಟ್ಟೆ. ನೇಕಾರರು ನೂಲು ಒಯ್ಯಲು ಬಂದು ಕೂಡುವ ಮುಂಜಾನೆ ಹೊತ್ತು. ಬೈದವನು ಪಾಂಡಪ್ಪ. ನಕ್ಕವರು ಹತ್ತು ಹನ್ನೆರಡು ಮಂದಿ, ಎಲ್ಲರಿಗಿಂತ ಮೊದಲು ನಕ್ಕವನು ಕಲ್ಲಪ್ಪ. ಅವನ ಮಗ್ಗಕ್ಕೂ ಫಕ್ರುಸಾಬನ ಮಗ್ಗಕ್ಕೂ ನಡುವೆ ಒಂದೇ ಗೋಡೆ. ಬೈಸಿಕೊಂಡವನು ಫಕ್ರುಸಾಬ, ನೇಕಾರ, ಬಣ್ಣಗಾರ. ಐದು ತಿಂಗಳು ಊರಲ್ಲಿರಲಿಲ್ಲ. ನಿನ್ನೆ ಬಂದಿದ್ದಾನೆ.

ಕಟ್ಟೆಯ ಕೆಳಗೆ, ಕಂಡಿಕಿಯ ಬುಟ್ಟಿ ಸೊಂಟಕ್ಕೆ ಆನಿಸಿಕೊಂಡು ನಿಂತವಳು ಅವನ ಹೆಂಡತಿ ಜೋಹರಾ. ನೂಲು ಸುತ್ತಿದ ಕಂಡಿಕಿ ಕೊಟ್ಟು ಹೋಗಲು ಬಂದವಳು. ಈ ಐದು ತಿಂಗಳು ಇದೇ ಕಟ್ಟೆಯ ಮುಂದೆ ಯಾರು ಏನು ಕೇಳಿದರೂ ಆಕೆಯದು ಒಂದೇ ಮಾತು. “ಇಟಲಿಗೆ ಹೋಗ್ಯಾರ, ಬಣ್ಣ ಕಲಸಾಕ.” ಹಾಗೆ ಅಂದಾಗಲೆಲ್ಲ ನಕ್ಕಿದ್ದಾರೆ. ಬೊಂಬಾಯಿಯಲ್ಲಿ ಅವನಿಗೊಂದು ಮನೆ ಇದೆ, ಒಬ್ಬಾಕೆ ಇದ್ದಾಳೆ ಅನ್ನೋದು ಊರು ಕಟ್ಟಿದ ಕಥೆ. (ನನ್ನ ಕಥೆಗಿಂತ ಅದಕ್ಕೇ ಕೇಳುಗರು ಜಾಸ್ತಿ.)

ಅಂದರೆ ಇವತ್ತು ಈ ಕಟ್ಟೆ ಮೇಲೆ ಫಕ್ರುಸಾಬ ಏನು ಹೇಳುತ್ತಾನೋ ಅದರ ಮೇಲೆ ಜೋಹರಾಳ ಐದು ತಿಂಗಳ ಮಾತು ನಿಲ್ಲಬೇಕು, ಇಲ್ಲ ಬೀಳಬೇಕು. ಇಷ್ಟೇ ಕಥೆ. ಉಳಿದದ್ದು ನನ್ನ ಗದ್ದಲ.

೨

ಹಿಂದಕ್ಕೆ ಹೋಗೋಣ.

ಬಾದಾಮಿಯ ಗವಿಗಳ ಮುಂದೆ ಒಬ್ಬಳು ಮೇಮಸಾಹೇಬ ಕೂತು ಚಿತ್ರ ತೆಗೆಯುತ್ತಿದ್ದಳು. ಫಕ್ರುಸಾಬ ಸೀರೆ ಗಂಟು ಹೊತ್ತು ಮಾರಾಟಕ್ಕೆ ಬಂದವನು, ಅವಳ ಹಿಂದೆ ನಿಂತು ಲೊಚಗುಟ್ಟಿದ. ಅವಳು ತಿರುಗಿ ನೋಡಿದಳು.

“ಏನು?”

“ಆ ಕೆಂಪು ಇದಲ್ರಿ ಬಾಯಿ. ನಿಮ್ಮದು ಹಸಿ ಕೆಂಪು. ಕಲ್ಲಿಂದು ಬಿಸಲಾಗ ಒಣಗಿದ ಕೆಂಪು.”

ಬಹಳ ವರ್ಷ ಈ ಸೀಮೆಯಲ್ಲಿದ್ದವಳು, ಕನ್ನಡ ತಿಳಿಯುತ್ತಿತ್ತು. ಕುಂಚ ಅವನ ಕೈಗೇ ಕೊಟ್ಟಳು. ನಾಲ್ಕನೇ ಸಲಕ್ಕೆ ಕಲ್ಲಿನ ಬಣ್ಣ ಬಂತು. ಆಗಸ್ಟಿನಲ್ಲಿ ಅವಳು ಇಟಲಿಯ ಫ್ಲಾರೆನ್ಸ್‌ ಊರಿಗೆ ಹೊರಟಳು, ಅಲ್ಲಿನ ಹಳೇ ಚಿತ್ರಗಳ ನಕಲು ತೆಗೆಯಲು. ಬಣ್ಣ ಕಲಸುವವ ಬೇಕು, ಬರ್ತೀಯಾ ಅಂದಳು.

ಜೋಹರಾ ತಡೆಯಲಿಲ್ಲ. “ಹೋಗಿ ಬರ್ರಿ. ನನಗೇನೂ ತರಬ್ಯಾಡ್ರಿ. ಅಲ್ಲಿ ಹೆಣ್ಣಮಕ್ಕಳ ಮೈಮ್ಯಾಲಿನ ಅರಿವಿ ಹೆಂಗಿರತೈತಿ, ಹೆಂಗ ನೇಯ್ದಿರತಾರ, ಅದನ್ನ ನೋಡಿ ಬಂದು ಹೇಳ್ರಿ. ನಾ ಮುಟ್ಟಿ ನೋಡಿದಂಗ ಹೇಳ್ಬೇಕ ಮತ್ತ.”

ಯಾಕೆ ಹೀಗಂದಳು ಅಂದರೆ, ಇಳಕಲ್ಲ ಸೀರೆಯ ಒಡಲು ಬೇರೆ, ಸೆರಗು ಬೇರೆ. ಒಡಲಿನ ಎಳೆ ಮುಗಿಯುವಲ್ಲಿ ಸೆರಗಿನ ಕೆಂಪು ರೇಷ್ಮೆ ಎಳೆ ತಂದು, ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಬೇಕು. ಸಾವಿರಾರು ಎಳೆ, ಸಾವಿರಾರು ಕೊಂಡಿ. ನೇಯುವವನು ಗಂಡ, ಕೂಡಿಸುವಾಕೆ ಜೋಹರಾ. ಸೀರೆ ಉಟ್ಟವರು ಅಂಚಿನ ದಡಿ ನೋಡ್ತಾರೆ, ಬಣ್ಣ ನೋಡ್ತಾರೆ. ಕೊಂಡಿಯನ್ನು ಯಾರೂ ನೋಡುವುದಿಲ್ಲ, ನೇಕಾರರ ಹೊರತು.

೩

ಆಗಬೋಟಿನ ಮೇಲೆ ನಾಲ್ಕು ಪುಟ ಬರೆದಿದ್ದೆ. ಹರಿದು ಒಗೆದೆ. ಸಮುದ್ರ ನಾನೇ ನೋಡಿಲ್ಲ, ಏಳನೇ ಇಯತ್ತೆಗೆ ಸಾಲಿ ಬಿಟ್ಟವ, ನನ್ನ ತೆರೆಗಳೆಲ್ಲ ಕ್ಯಾಲೆಂಡರಿನವು.

೫

(ನಾಲ್ಕೂ ಹೋಯಿತು. ಕೇಳಬ್ಯಾಡ್ರಿ.)

ಫ್ಲಾರೆನ್ಸ್‌ ಅವನಿಗೆ ಹಿಡಿಸಿತು. ಇದನ್ನು ಒತ್ತಿ ಬರೆಯುತ್ತೇನೆ, ಯಾಕಂದರೆ ನಮ್ಮವರು ಹೊರದೇಶಕ್ಕೆ ಹೋದರೆ ಅಳುತ್ತಲೇ ಇರಬೇಕು ಅಂತ ಬರೆಯುವವರ ಮೇಲೆ ನನಗೆ ಸಿಟ್ಟಿದೆ. ಫಕ್ರುಸಾಬ ಅಳಲಿಲ್ಲ. ಮುಂಜಾನೆ ಮೇಮಸಾಹೇಬಳ ಪೆಟ್ಟಿಗೆ ಹಿಡಿದು ಚಿತ್ರದ ಮನೆಗೆ ಹೋಗುವುದು. ಗೋಡೆ ತುಂಬ ಚಿತ್ರ, ಗೋಡೆ ಸಾಲದೆ ತಲೆ ಮೇಲಿನ ಮಾಳಿಗೆಗೂ ಚಿತ್ರ. ಕುತ್ತಿಗೆ ನೋಯುವ ತನಕ ನೋಡಿದ. ಬಂಗಾರದ ತಗಡು ಹಚ್ಚಿದ ಹಲಗೆ ನೋಡಿ ಜರಿ ಎಷ್ಟು ಹಿಡಿದಿರಬಹುದು ಅಂತ ಲೆಕ್ಕ ಹಾಕಿದ. ಅರಿವೆ ಇಲ್ಲದೆ ನಿಂತ ಕಲ್ಲಿನ ಗಂಡಸರನ್ನು ಕಂಡು ಮೊದಲ ದಿನ ನೆಲ ನೋಡಿಕೊಂಡು ದಾಟಿದ. ಎರಡನೇ ದಿನ ಪಾದದ ತನಕ ನೋಡಿದ. ಮೂರನೇ ದಿನ, ಈ ಹೆಬ್ಬೆರಳಿನ ಉಗುರು ಕಡೆದವನು ಎಷ್ಟು ದಿನ ತಗೊಂಡಿರಬೇಕು ಅಂತ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಬಾದಾಮಿಯಲ್ಲಿ ಮಾರಾಟಕ್ಕೆ ಹೋದಾಗಲೆಲ್ಲ ನೋಡಿದ ಕಲ್ಲಿನ ಕಾಲುಗಳಿಗೆ ಉಗುರು ಇದ್ದವೋ ಇಲ್ಲವೋ, ನೆನಪಾಗಲಿಲ್ಲ. ಅದಕ್ಕೂ ಒಂದಿಷ್ಟು ನಾಚಿಕೆಯಾಯಿತು.

ಸಂಜೆ ತಿನ್ನುವುದು. ಹೊಳೆ ದಾಟಿದರೆ ಆಚೆ ಓಣಿಯಲ್ಲಿ ಒಬ್ಬ ಮುದುಕಿಯ ಒಲೆ. ಅಲ್ಲಿ—

“ಎರಡ ಸಾಲಿನ್ಯಾಗ ಮುಗಸ್ಬ್ಯಾಡಲೇ,” ಅಂತ ಫಕ್ರುಸಾಬ ಹಾಳೆಯೊಳಗಿಂದ ಕೈ ಚಾಚಿ ನನ್ನ ಪೆನ್ನು ಹಿಡಿದ. “ಆ ರೊಟ್ಟಿ ಬಗ್ಗೆ ಚಲೋತ್ನ್ಯಾಗ ಬರಿ.”

“ಕಥೆ ಮುಂದ ಹೋಗ್ಬೇಕಲ್ಲ ಕಾಕಾ.”

“ಹೋಗತೈತಿ. ಮೊದಲ ಬರಿ.”

ಬರೆದೆ. ದಪ್ಪ ರೊಟ್ಟಿ, ನಡುವೆ ಕರಿ ದ್ರಾಕ್ಷಿ, ಮೇಲೂ ದ್ರಾಕ್ಷಿ, ಎಣ್ಣೆ, ಸಕ್ಕರೆ. ಒಲೆಯಲ್ಲಿ ದ್ರಾಕ್ಷಿ ಒಡೆದು ರಸವೆಲ್ಲ ರೊಟ್ಟಿಗೆ ಇಳಿದು, ಅಂಚು ಕರ್ರಗಾಗಿ, ತಿಂದರೆ ಬೆರಳು ನೇರಳೆ. ಬೀಜ ಹಲ್ಲಿಗೆ ಸಿಕ್ಕು ಕಟಕಟ ಅನ್ನುತ್ತದೆ. ಮುದುಕಿ ಅವನ ಬೆರಳು ನೋಡಿ ನಗುತ್ತಿದ್ದಳು. ಬಣ್ಣದ ಬಾನಿಯಲ್ಲಿ ಕೈ ಅದ್ದಿ ಬೆಳೆದವನು, ಬೆರಳಿಗೆ ಹತ್ತಿದ ಬಣ್ಣವನ್ನು ನಾಲಗೆಯಿಂದ ನೆಕ್ಕಿದ್ದು ಜನ್ಮದಲ್ಲಿ ಅದೇ ಮೊದಲು. ಇನ್ನೊಂದು ಅಂಗಡಿಯಲ್ಲಿ ನಿಂಬೆಹುಳಿ ಹಾಕಿದ ಮಂಜುಗಡ್ಡೆಯ ಪುಡಿ, ಸಣ್ಣ ಗಾಜಿನ ಬಟ್ಟಲಲ್ಲಿ. ಬೇಯಿಸಿದ್ದೇನಾದರೂ ಕಂಡರೆ ಮಾಂಸ ಇದೆಯೇನು ಅಂತ ಮೇಮಸಾಹೇಬಳಿಂದ ಕೇಳಿಸಿ, ಇಲ್ಲ ಅಂದದ್ದನ್ನಷ್ಟೇ ತಿಂದ. ಇಲ್ಲ ಅಂದದ್ದೂ ಭಾಳ ಇತ್ತು.

“ಸಾಕಾ?”

“ಸಾಕು,” ಅಂದ. ಮೋರೆ ಸಣ್ಣದಾಗಿತ್ತು. ಯಾಕೆ ಅಂತ ನನಗೆ ಆಮೇಲೆ ತಿಳಿಯಿತು.

೬

ಈಗ ಆ ಚಿತ್ರ.

ತಾಯಿ, ತೊಡೆ ಮೇಲೆ ಮಗು. ಆ ಊರಲ್ಲಿ ಅಂಥ ತಾಯಂದಿರು ಗೋಡೆಗೊಬ್ಬರು. ಆದರೆ ಈಕೆಯ ಮುಂದೆ ಫಕ್ರುಸಾಬ ಪೆಟ್ಟಿಗೆ ಕೆಳಗಿಟ್ಟ. ನೀಲಿ ಅರಿವೆ, ನಮ್ಮ ನೀಲಿ ಬಾನಿಯಲ್ಲಿ ಏಳು ಸಲ ಅದ್ದಿ ತೆಗೆದಂಥ ನೀಲಿ. ಎದೆಯ ಹತ್ತಿರ ಕೆಂಪು, ದಾಳಿಂಬರ ಕೆಂಪು. ತಲೆ ಮೇಲೆ ಹೊದ್ದದ್ದು. ನೀಲಿ ಒಡಲು, ಕೆಂಪು ಸೆರಗು. ಇಳಕಲ್ಲ ಸೀರೆ.

ಅವನ ಕಾಲು ತಾನಾಗಿಯೇ ಮುಂದೆ ಹೋಯಿತು. ನೀಲಿ ಮುಗಿದು ಕೆಂಪು ಸುರುವಾಗುವ ಜಾಗಕ್ಕೆ ಕೈಯೂ ಹೋಯಿತು. ಹೆಬ್ಬೆರಳು, ತೋರುಬೆರಳು, ನಡುವೆ ಅರಿವೆ. ನೇಕಾರ ಅರಿವೆ ನೋಡುವುದು ಕಣ್ಣಿನಿಂದಲ್ಲ. ಸಂತೆಯಲ್ಲಿ ಯಾರದೇ ಸೀರೆ ಕಂಡರೂ ಮೊದಲು ಎರಡು ಬೆರಳಲ್ಲಿ ಹಿಚುಕಿ, ಕೊಂಡಿ ಸಿಗುತ್ತದೇನು ಅಂತ ತಡವುತ್ತಾನೆ. ಬೆರಳಿಗೆ ಸಿಕ್ಕದ್ದು ಒಣಗಿದ ಎಣ್ಣೆ ಬಣ್ಣ, ತಣ್ಣಗೆ, ನುಣ್ಣಗೆ.

ಕಾವಲುಗಾರ ಓಡಿ ಬಂದು ಕೋಲಿನಿಂದ ಮುಂಗೈಗೆ ಹೊಡೆದ. ಏನೋ ಒದರಿದ. ಸುತ್ತಲಿದ್ದ ಗಂಡಸರು, ಟೋಪಿ ಹೆಂಗಸರು ತಿರುಗಿ ನೋಡಿದರು, ನಕ್ಕರು. ಕುತ್ತಿಗೆ ಪಟ್ಟಿ ಹಿಡಿದು ಹೊರಗೆ ತಂದು ನಿಲ್ಲಿಸಿದ.

ಇದಲ್ಲ ನಾನು ಹೇಳಬೇಕಾದ್ದು. ಹೊಡೆತ ಯಾರು ಬೇಕಾದರೂ ತಿಂದಾರು. ಮರುದಿನದ್ದು ಹೇಳಬೇಕು.

ಮರುದಿನ ಮೇಮಸಾಹೇಬ ಅಂದಳು, “ನಾನು ಮಾತಾಡಿದ್ದೇನೆ. ಹತ್ತಿರ ಹೋಗಿ ನೋಡಬಹುದು. ಭೂತಕನ್ನಡಿ ಕೊಡುತ್ತೇನೆ, ದೊಡ್ಡದಾಗಿ ಕಾಣುತ್ತದೆ. ಮುಟ್ಟಬೇಡ, ಅಷ್ಟೇ. ನಾಳೆ ಆ ಚಿತ್ರ ಇಳಿಸುತ್ತಾರೆ, ದುರಸ್ತಿಗೆ. ನೋಡುವುದಿದ್ದರೆ ಇವತ್ತೇ.”

ಮುಂಗೈ ಇನ್ನೂ ಉರಿಯುತ್ತಿತ್ತು. “ಹೊಟ್ಟಿ ಚಲೋ ಇಲ್ರಿ ಬಾಯಿ,” ಅಂದ ಫಕ್ರುಸಾಬ.

ಅವಳು ಪೆಟ್ಟಿಗೆ ತಾನೇ ಎತ್ತಿಕೊಂಡು ಹೋದಳು. ಹೊಟ್ಟೆ ಚಲೋ ಇಲ್ಲದವನು ಹೊಳೆ ದಾಟಿ ಮುದುಕಿಯ ಒಲೆ ಮುಂದೆ ಕೂತ. ಮಧ್ಯಾಹ್ನದ ತನಕ ದ್ರಾಕ್ಷಿ ರೊಟ್ಟಿ ತಿಂದ. ಯಾವತ್ತಿಗಿಂತ ರುಚಿಯಾಗಿತ್ತು ಅಂತ ಅವನೇ ನನಗೆ ಹೇಳಿದ್ದು. ಚಿತ್ರ ನೋಡಲು ಯಾಕೆ ಹೋಗಲಿಲ್ಲ ಅನ್ನೋದಕ್ಕೆ ಬೇರೇನೂ ಕಾರಣ ಹೇಳಲಿಲ್ಲ.

೭

ಕಟ್ಟೆಗೆ ವಾಪಸ್‌.

ಬೈಗುಳ ಬಿದ್ದ ಮೇಲೆ ಫಕ್ರುಸಾಬ ಸುಮ್ಮನಿರಲಿಲ್ಲ. ಮಾಳಿಗೆಯ ಚಿತ್ರ ಹೇಳಿದ, ಹೊಳೆ ಮೇಲಿನ ಅಂಗಡಿಗಳ ಸೇತುವೆ ಹೇಳಿದ, ಉಗುರು ಹೇಳಿದ. ನಕ್ಕರು.

“ಉಗುರ ನೋಡಾಕ ಸಮುದ್ರ ದಾಟಿದ್ಯಾ?” ಅಂದ ಕಲ್ಲಪ್ಪ. “ನನ್ನ ಕಾಲಾಗ ಹತ್ತ ಅದಾವ, ನೋಡ ಬಾ.”

ಸಿಟ್ಟಿಗೆ ಫಕ್ರುಸಾಬ ಅಂದುಬಿಟ್ಟ. “ಅಲ್ಲೊಂದು ಚಿತ್ರದಾಗ ತಾಯಿ ನಮ್ಮ ಸೀರಿ ಉಟ್ಟಾಳ. ನೀಲಿ ಒಡಲು, ಕೆಂಪು ಸೆರಗು. ಕಣ್ಣಾರೆ ನೋಡೇನಿ.”

ನಗೆ ನಿಂತಿತು. ನಂಬಿದ್ದಕ್ಕಲ್ಲ. ಸುಳ್ಳು ಇಷ್ಟು ದೊಡ್ಡದಾಗಬಹುದು ಅಂತ ಅವರು ಎಣಿಸಿರಲಿಲ್ಲ.

“ಸೀರಿ ಉಟ್ಟಾಳಂತ,” ಅಂದ ಪಾಂಡಪ್ಪ ಮೆಲ್ಲಗೆ. “ಬೊಂಬಾಯಾಕಿಗೆ ನೀನ ಒಯ್ದು ಕೊಟ್ಟಿದ್ದೇನು?”

ಆಗ ಕೆಳಗಿನಿಂದ ಜೋಹರಾ ತಲೆ ಮೇಲಿನ ಸೆರಗು ಮುಂದಕ್ಕೆಳೆದು, ಬುಟ್ಟಿ ಕೆಳಗಿಟ್ಟಳು.

“ಪಾಂಡಪ್ಪಣ್ಣಾರ, ಒಂದು ಮಾತು ನಾ ಕೇಳ್ತೇನಿ. ನೀವೆಲ್ಲ ನೇಯೋರು, ನೇಯ್ಸೋರು. ಅವರು ಏನ ಹೇಳಿದ್ರೂ ಸುಳ್ಳಂತೀರಿ. ಇದನ್ನ ಮಾತ್ರ ಕಾಣದಾಂವಗ ಹೇಳಾಕ ಬರೂದಿಲ್ಲ.” ಗಂಡನ ಕಡೆ ತಿರುಗಿದಳು. “ಸೆರಗು ಒಡಲಿಗೆ ಹೆಂಗ ಕೂಡಿತ್ರಿ ಅಲ್ಲಿ? ಕೊಂಡಿ ಇತ್ತೋ, ಗಂಟು ಇತ್ತೋ, ಹೊಲದಿದ್ರೋ? ಹೇಳ್ರಿ ಇವರಿಗೆ.”

ಅವಳ ದನಿಯಲ್ಲಿ ಸಂಶಯ ಒಂದೆಳೆಯೂ ಇರಲಿಲ್ಲ. ಅವನನ್ನು ಉಳಿಸಲಿಕ್ಕೆ ಕೇಳಿದಳು. ನೇಕಾರನಾದವನು ಅದೊಂದನ್ನು ನೋಡದೆ ಬರುತ್ತಾನೆಯೇ?

ಕಟ್ಟೆ ಪೂರ್ತಿ ಮುಂದಕ್ಕೆ ಬಾಗಿತು. ಕಲ್ಲಪ್ಪನೂ ಬಾಗಿದ. ಈಗ ಅವನು ನಗುತ್ತಿರಲಿಲ್ಲ, ನೇಕಾರನಾಗಿ ಕೇಳುತ್ತಿದ್ದ.

೮

ಇಲ್ಲಿ ನಾನು ಸಿಕ್ಕಿಬಿದ್ದೆ. ಮೂರು ಮುಕ್ತಾಯ ಬರೆದೆ.

ಒಂದು. “ಕೊಂಡಿನ ಇತ್ತು, ನೀ ಹಾಕೂಹಂಗ,” ಅನ್ನುತ್ತಾನೆ. ಪಾಂಡಪ್ಪ ಬಾಯಿ ಮುಚ್ಚುತ್ತಾನೆ. ಸಮುದ್ರದಾಚೆ ತನ್ನಂತೆ ಕೊಂಡಿ ಹಾಕುವಾಕೆ ಒಬ್ಬಳಿದ್ದಾಳೆ ಅಂತ ಜೋಹರಾ ಸಾಯುವ ತನಕ ನೆನೆಯುತ್ತಾಳೆ. ಚಲೋ ಇತ್ತು, ನನಗೇ ಕಣ್ಣು ತುಂಬಿತು. ಫಕ್ರುಸಾಬ ಹಾಳೆಯ ಮೇಲೆ ಅಂಗೈ ಇಟ್ಟ. “ಬ್ಯಾರೆ ಯಾವದಕ್ಕರ ಸುಳ್ಳು ಹೇಳ್ತೇನಿ. ಕೊಂಡಿ ವಿಷಯದಾಗ ಆಕಿಗೆ ಹೇಳಂಗಿಲ್ಲ.”

ಎರಡು. ಮೇಮಸಾಹೇಬ ರೈಲು ಇಳಿದು ಬಂದು, ಚಿತ್ರದ ನಕಲು ಬಿಚ್ಚಿ ತೋರಿಸಿ, ಇವನು ನನ್ನ ಜೊತೆಗಿದ್ದ ಅನ್ನುತ್ತಾಳೆ. ಹರಿದು ಚೂರು ಮಾಡಿದೆ. ನಮ್ಮ ಮನುಷ್ಯನ ಮಾತು ನಮ್ಮ ಕಟ್ಟೆ ನಂಬಲಿಕ್ಕೆ ಬಿಳಿ ತೊಗಲಿನ ಸಹಿ ಬೇಕೇನು? ಬೇಕು ಅನ್ನುವವರು ಅದನ್ನು ಸಿನಿಮಾದಲ್ಲಿ ನೋಡಿಕೊಳ್ಳಲಿ.

ಮೂರು. ಖರೆ ಹೇಳುತ್ತಾನೆ. “ನೋಡ್ಲಿಲ್ಲ. ನೋಡಾಕ ಕರದ್ರು, ನಾ ರೊಟ್ಟಿ ತಿನ್ನಾಕ ಹೋದೆ.” ಆದರೆ ಪಾಂಡಪ್ಪನ ಮೊದಲ ಮಾತು ನೆನಪಿದೆಯಲ್ಲ, ಯಾರ ಮನಿ ರೊಟ್ಟಿ ಅಂತ? ಆ ಹೊಲಸು ಮಾತಿನಲ್ಲಿ ಅದೊಂದು ಶಬ್ದ ಸರಿಯಾದ ಜಾಗಕ್ಕೇ ತಾಗಿತ್ತು. ಜೋಹರಾ ಬೇಡಿದ್ದು ಒಂದೇ. ಅದನ್ನು ಬಿಟ್ಟು ಉಳಿದ ಇಟಲಿಯನ್ನೆಲ್ಲ ಅವನು ತಂದಿದ್ದ. ರೊಟ್ಟಿ ಅಂದರೆ ಕಟ್ಟೆ ಮತ್ತೆ ಬೊಂಬಾಯಿಯನ್ನೇ ಎತ್ತುತ್ತದೆ ಅಂತ ಇದನ್ನೂ ಬಿಟ್ಟೆ.

ಕಡೆಗೆ ನಾನೇ ಫೋನಿನಲ್ಲಿ ಹುಡುಕಿದೆ, ಉತ್ತರ ಸಿಕ್ಕರೆ ಅವನ ಬಾಯಿಗೆ ಇಡೋಣ ಅಂತ. ನೀಲಿ ಕೆಂಪಿನ ತಾಯಂದಿರು ಸಾವಿರ ಸಿಕ್ಕರು. ಅವನ ತಾಯಿ ಯಾವಾಕೆ, ತಿಳಿಯಲಿಲ್ಲ. ಝೂಮ್‌ ಮಾಡಿದರೆ ನೀಲಿ ಮುಗಿಯುವಲ್ಲಿ ಒಂದು ಮಡಿಕೆಯ ನೆರಳು, ಮತ್ತೂ ಝೂಮ್‌ ಮಾಡಿದರೆ ಬರೇ ಚೌಕ ಚೌಕ. ಅದು ಒಂದೇ ಅರಿವೆಯಲ್ಲ, ಒಳಗಿನದು ಕೆಂಪು, ಹೊದ್ದದ್ದು ನೀಲಿ, ಎರಡೂ ಬೇರೆ ಅಂತ ಯಾರೋ ಬರೆದಿದ್ದಾರೆ. ಇರಬಹುದು. ಹಾಗಿದ್ದರೆ ಉತ್ತರ ಭಾಳ ಸಣ್ಣದು. ಕೂಡಿದ್ದೇ ಇಲ್ಲ. ಒಂದು ಹೆಜ್ಜೆ ಹತ್ತಿರ ಹೋಗಿದ್ದರೆ ಅವನಿಗೇ ಸಿಗುತ್ತಿತ್ತು, ಆ ಉತ್ತರಕ್ಕೆ ಇಡೀ ಕಟ್ಟೆ ನಂಬುತ್ತಿತ್ತು.

ಹೇಳಲೇನು ಅಂತ ಅವನ ಮೋರೆ ನೋಡಿದೆ. ನೂರು ವರ್ಷ ತಡವಾಗಿತ್ತು.

“ನೀ ಬರೆಯಾಂವ ಹೌದಲ್ಲೋ,” ಅಂದಳು ಜೋಹರಾ, ನನಗೆ. “ಅವರ ಬಾಯಾಗ ಒಂದು ಮಾತು ಇಡಾಕ ಬರೂದಿಲ್ಲ ನಿನಗ?”

“ಇಟ್ಟೆವ್ವಾ. ಉಗುಳಿದರು.”

“ಹಂಗಾರ ನಾ ಕೇಳಿದ್ದನ್ನರ ಅಳಸು.”

ಅದೂ ನನ್ನಿಂದ ಆಗಲಿಲ್ಲ. ಆ ಪ್ರಶ್ನೆ ತೆಗೆದರೆ ಈ ಕಥೆಯಲ್ಲಿ ಅವನ ಮೇಲೆ ನಂಬಿಗೆ ಇಟ್ಟವರು ಯಾರೂ ಉಳಿಯುವುದಿಲ್ಲ.

ಹಾಗಾಗಿ ಕಟ್ಟೆ ಇನ್ನೂ ಬಾಗಿಯೇ ಇದೆ. ಪಾಂಡಪ್ಪನ ಕೈಯಲ್ಲಿ ನೂಲಿನ ಲಡಿ ಹಾಗೇ ಇದೆ. ಜೋಹರಾ ಕತ್ತು ಎತ್ತಿ ಕಾಯುತ್ತಿದ್ದಾಳೆ. ಫಕ್ರುಸಾಬ ತನ್ನ ಬಲಗೈಯ ಎರಡು ಬೆರಳು ಒಂದಕ್ಕೊಂದು ಉಜ್ಜಿ ನೋಡಿಕೊಂಡ. ಮೆಟ್ಟು ಹುಡುಕಿ ಹಾಕಿಕೊಂಡ. ಕಟ್ಟೆ ಇಳಿದು, ಅವಳ ಬುಟ್ಟಿಯನ್ನು ಬಳಸಿ ದಾಟಿ, ಓಣಿಗುಂಟ ನಡೆದ.

“ಎಲ್ಲಿಗೆ ಕಾಕಾ? ಮನಿಗಾ?” ಅಂತ ಹಿಂದಿನಿಂದ ಕೇಳಿದೆ.

ಅವನು ತಿರುಗಲಿಲ್ಲ.